ಬೀರುವಿನಲ್ಲಿ ಹತ್ತೊಂಬತ್ತು ದಿನ

2023ನೇ ಇಸವಿಯಲ್ಲಿ ನಾನು ಚಳ್ಳಕೆರೆಯ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದೆ. ಅಷ್ಟು ಹೊತ್ತಿಗೆ ಇಪ್ಪತ್ತನಾಲ್ಕು ವರ್ಷದ ಸರ್ವಿಸು ಆಗಿತ್ತು. ಹೆಚ್ಚಿನ ಕಾಲವನ್ನು ಹೆರಿಗೆ ವಾರ್ಡಿನಲ್ಲಿ ಕಳೆದಿದ್ದೆ. ಮಂಡಿನೋವು ಶುರುವಾದ ಮೇಲೆ ಮೆಟ್ಟಿಲು ಹತ್ತುವುದು ಬೇಡವೆಂದು ನನ್ನನ್ನು ನೆಲಮಹಡಿಯ ಕ್ಯಾನ್ಸರ್ ತಪಾಸಣಾ ಕೊಠಡಿಗೆ ಹಾಕಿದರು. ಕೊಠಡಿ ಅಂದರೆ ಒಂದು ಪರೀಕ್ಷಾ ಮಂಚ, ಒಂದು ಬಾಗುವ ದೀಪ, ಒಂದು ಹಸಿರು ಪರದೆ, ಒಂದು ಕಬ್ಬಿಣದ ಬೀರು. ಬೆಳಿಗ್ಗೆ ಎಂಟೂವರೆಗೆ ಬಂದು ಉಪಕರಣಗಳನ್ನು ಸ್ಟೆರಿಲೈಸರಿಗೆ ಹಾಕಿ, ಪರದೆಯನ್ನು ಎರಡು ಸಲ ಎಳೆದು ಉಂಗುರಗಳು ಸಿಕ್ಕಿಕೊಳ್ಳುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು, ರಿಜಿಸ್ಟರಿನಲ್ಲಿ ತಾರೀಕು ಬರೆದರೆ ನನ್ನ ದಿನ ಶುರು. ಪರದೆಯದು ಸಣ್ಣ ವಿಷಯವೆಂದು ತಿಳಿಯಬೇಡಿ. ಅದು ಅರ್ಧಕ್ಕೆ ನಿಂತರೆ ಮಂಚದ ಮೇಲೆ ಮಲಗಿದವಳು ಸೀರೆ ಸರಿಮಾಡಿಕೊಂಡು ಎದ್ದು ಹೋಗಿಬಿಡುತ್ತಾಳೆ. ಮತ್ತೆ ಬರುವುದಿಲ್ಲ.

ನಮ್ಮ ಕೆಲಸ ಇಷ್ಟು. ಮೂವತ್ತು ದಾಟಿದ ಹೆಂಗಸರ ಬಾಯಿ, ಎದೆ ಮತ್ತು ಗರ್ಭಕಂಠವನ್ನು ಪರೀಕ್ಷೆ ಮಾಡುವುದು. ಗರ್ಭಕಂಠವೆಂದರೆ ಗರ್ಭಕೋಶದ ಬಾಯಿ. ಅಲ್ಲಿಗೆ ವಿನೆಗರಿನಂಥ ತೆಳು ಆಸಿಡ್ ಹಚ್ಚಿ ಒಂದು ನಿಮಿಷ ಕಾಯಬೇಕು. ಆರೋಗ್ಯವಾಗಿದ್ದರೆ ಗುಲಾಬಿ ಬಣ್ಣ ಹಾಗೇ ಇರುತ್ತದೆ. ಏನಾದರೂ ತೊಂದರೆ ಇದ್ದರೆ ಆ ಜಾಗ ಬೆಳ್ಳಗಾಗುತ್ತದೆ. ಬೆಳ್ಳಗಾದದ್ದೆಲ್ಲ ಕ್ಯಾನ್ಸರ್ ಅಲ್ಲ, ಬಹಳಷ್ಟು ಸಲ ಬರೀ ಉರಿಯೂತ. ಅದನ್ನು ಖಚಿತ ಮಾಡಿಕೊಳ್ಳಲು ಅಕ್ಕಿಕಾಳಿನಷ್ಟು ಚೂರನ್ನು ತೆಗೆದು, ಔಷಧಿ ತುಂಬಿದ ಚಿಕ್ಕ ಬಾಟಲಿಗೆ ಹಾಕಿ ದಾವಣಗೆರೆಯ ಒಂದು ಲ್ಯಾಬಿಗೆ ಕಳಿಸುತ್ತಿದ್ದೆವು. ಇದೇ ಬಯಾಪ್ಸಿ. ಎಂಟು ದಿನಕ್ಕೆ ರಿಪೋರ್ಟುಗಳು ಕಂದು ಕವರಿನಲ್ಲಿ ವಾಪಸು ಬರುತ್ತಿದ್ದವು.

ಆ ಕೊಠಡಿಗೆ ಎರಡು ನಿಯಮಗಳನ್ನು ಮಾಡಿದವಳು ನಾನೇ. ಹಿಂದೊಮ್ಮೆ ಮೇಜಿನ ಮೇಲೆ ಬಿಟ್ಟಿದ್ದ ರಿಪೋರ್ಟನ್ನು ಯಾರೋ ಓದಿ, ಆ ಹೆಂಗಸಿಗೆ ಗೊತ್ತಾಗುವ ಮೊದಲೇ ಸುದ್ದಿ ಅವಳ ಊರು ಮುಟ್ಟಿತ್ತು. ಆದ್ದರಿಂದ ಕವರನ್ನು ನಾನೊಬ್ಬಳೇ ಒಡೆಯುವುದು, ಬೀರುವಿನ ಬೀಗದ ಕೈ ನನ್ನ ಸೊಂಟದಲ್ಲೇ ಇರುವುದು ಎಂದು ಮಾಡಿದೆ. ಎರಡನೆಯದು ಕನಿಕರದಿಂದ ಹುಟ್ಟಿದ್ದು. ಮೊಳಕಾಲ್ಮೂರಿನಿಂದ ಒಂದು ದಿನದ ಕೂಲಿ ಬಿಟ್ಟು ಬಂದು ‘ಏನೂ ಇಲ್ಲಮ್ಮ’ ಅನ್ನಿಸಿಕೊಂಡು ಹೋಗುವುದು ಯಾಕೆಂದು, ಎಲ್ಲರಿಗೂ ಹೇಳುತ್ತಿದ್ದೆ: “ಏನಾದ್ರೂ ಇದ್ರೆ ಹತ್ತು ದಿನದೊಳಗೆ ನಾವೇ ಫೋನ್ ಮಾಡ್ತೀವಿ. ಫೋನ್ ಬರಲಿಲ್ಲ ಅಂದ್ರೆ ಏನೂ ಇಲ್ಲ ಅಂತ ತಿಳ್ಕೊಂಡು ಆರಾಮಾಗಿರಿ.” ಎರಡೂ ಒಳ್ಳೆಯ ನಿಯಮಗಳೆಂದು ನನಗೆ ಒಳಗೊಳಗೇ ಹೆಮ್ಮೆಯಿತ್ತು.

ಆ ವರ್ಷ ಮೊಳಕಾಲ್ಮೂರಿನ ನೇಕಾರರ ಓಣಿಯೊಂದರಲ್ಲಿ ಶಿಬಿರ ಮಾಡಿದೆವು. ನಮ್ಮ ಡಾಕ್ಟರು ಶೈಲಜಾ ಮೇಡಂ, ಕಂಪ್ಯೂಟರಿಗೆ ಹೆಸರು ತುಂಬುವ ಜಬೀನಾ, ಮತ್ತು ನಾನು. ಹನ್ನೊಂದು ಗಂಟೆಯಾದರೂ ಒಬ್ಬಳೂ ಪರದೆಯ ಹಿಂದೆ ಬರಲಿಲ್ಲ. ನಲವತ್ತು ಹೆಂಗಸರು ಚಾಪೆಯ ಮೇಲೆ ಕೂತು ಒಬ್ಬರನ್ನೊಬ್ಬರು ತಿವಿಯುತ್ತಿದ್ದರು. ನಾನು ಚಿತ್ರದ ಹಾಳೆ ಹಿಡಿದು ಹೇಳಿದ್ದನ್ನೇ ಹೇಳುತ್ತಿದ್ದೆ. ಆಗ ಮುಂದೆ ಕೂತಿದ್ದ ಒಬ್ಬಾಕೆ, ಬೆರಳಿಗೆ ರೇಷ್ಮೆ ಎಳೆ ಸುತ್ತಿಕೊಂಡೇ ಬಂದವಳು, ತಲೆ ಎತ್ತಿ ಕೇಳಿದಳು.

“ಊರಿಗೆಲ್ಲಾ ಹೇಳ್ತೀಯಲ್ಲಕ್ಕಾ, ನೀ ಮಾಡಿಸ್ಕಂಡೀಯಾ?”

ಎಲ್ಲರೂ ನಕ್ಕರು. ನಾನು ಮಾಡಿಸಿಕೊಂಡಿರಲಿಲ್ಲ. ನಾಳೆ ನಾಡಿದ್ದು ಎಂದು ನಾಲ್ಕು ವರ್ಷ ತಳ್ಳಿದ್ದೆ.

“ನೋಡ್ರೇ, ಬಾಯಿ ಮುಚ್ಕಂಡ್ಲು. ಹೋಟ್ಲೋನು ತನ್ನ ಹೋಟ್ಲು ಬಿಟ್ಟು ಮನೇಲಿ ಉಂಡಂಗಾಯ್ತು ಇದು,” ಎಂದಳು ಆಕೆ. ಹೆಸರು ಅಂಜಿನಮ್ಮ. ವಯಸ್ಸು ನಲವತ್ನಾಲ್ಕು. ಗಂಡ ವೆಂಕಟೇಶಪ್ಪ ಮಗ್ಗದಲ್ಲಿ ಕೂರುತ್ತಿದ್ದ, ಈಕೆ ನೂಲು ಸುತ್ತಿಕೊಡುತ್ತಿದ್ದಳು. ಮನೆಮಾತು ತೆಲುಗು, ಬೈಗುಳ ಮಾತ್ರ ಕನ್ನಡದಲ್ಲಿ ಎಂದು ಆಕೆಯೇ ಹೇಳಿಕೊಂಡಳು.

“ಈಗ್ಲೇ ಮಾಡಿಸ್ಕೊಳ್ತೀನಿ. ನನ್ನ ಹಿಂದೆ ನೀವು ಬರ್ಬೇಕು, ಒಪ್ಪಿದ್ರಾ?” ಎಂದೆ.

“ನಡಿ ನಡಿ. ಒದರ್ಕಂಡ್ರೆ ನಮಗೆ ಕೇಳಿಸ್ತೈತೆ.”

ಹೀಗೆ ನಗುನಗುತ್ತಲೇ ನಾನು ಪರದೆಯ ಹಿಂದಿನ ಮಂಚದ ಮೇಲೆ ಮಲಗಿದ್ದು. ಆಸಿಡ್ ಹಚ್ಚಿ ಡಾಕ್ಟರು ಗಡಿಯಾರ ನೋಡಿದರು. ಒಂದು ನಿಮಿಷ ಕಳೆಯಿತು. ಅವರು ದೀಪವನ್ನು ಇನ್ನಷ್ಟು ಬಾಗಿಸಿದರು. ಅವರು ಯಾವಾಗ ದೀಪ ಬಾಗಿಸುತ್ತಾರೆಂಬುದು ನನಗೆ ಚೆನ್ನಾಗಿ ಗೊತ್ತು. ದನಿ ತಗ್ಗಿಸಿ, “ಗಿರಿಜಾ, ಇಲ್ಲಿ ಸ್ವಲ್ಪ ಬಿಳಿ ಇದೆ. ಗುರುವಾರ ಬಯಾಪ್ಸಿ ಮಾಡಿಬಿಡೋಣ. ಹೆದರಬೇಡಿ,” ಎಂದರು. ಎದ್ದು, ಸೀರೆ ಸರಿಮಾಡಿಕೊಂಡು, ಪರದೆ ಸರಿಸಿ ಹೊರಬಂದೆ. “ಇರುವೆ ಕಚ್ಚಿದಷ್ಟೂ ನೋವಿಲ್ಲ. ಏನೂ ಇಲ್ಲ. ಬನ್ನಿ,” ಎಂದೆ. ಅಂಜಿನಮ್ಮ ಎದ್ದಳು. ಅವಳ ಹಿಂದೆ ಓಣಿಯೇ ಎದ್ದಿತು.

ಅಂದು ಮೂವತ್ತೆಂಟು ಮಂದಿಯ ಪರೀಕ್ಷೆಯಾಯಿತು. ಐದು ಜನರಲ್ಲಿ ಬಿಳಿ ಕಂಡಿತು, ಅವರಲ್ಲಿ ಅಂಜಿನಮ್ಮನೂ ಒಬ್ಬಳು. ಗುರುವಾರ ಐವರೂ ಚಳ್ಳಕೆರೆಗೆ ಬಂದರು. ಬಾಟಲಿಗಳು ಆರಾದವು. ಆರನೆಯದರ ಮೇಲೆ ನನ್ನ ಹೆಸರನ್ನು ನಾನೇ ಬರೆದೆ. ಅಕ್ಷರ ನನ್ನದೆಂದು ನನಗೇ ಗುರುತು ಸಿಗುವಂತಿರಲಿಲ್ಲ.

ಇಲ್ಲಿ ನನ್ನ ದೊಡ್ಡಕ್ಕನ ವಿಷಯ ಹೇಳಬೇಕು. ಅವಳನ್ನು ನನ್ನಿವಾಳ ಎಂಬ ಹಳ್ಳಿಗೆ ಮದುವೆ ಮಾಡಿ ಕೊಟ್ಟಿದ್ದೆವು. ಅವಳಿಗೆ ಇದೇ ಗರ್ಭಕಂಠದ ಕ್ಯಾನ್ಸರ್ ಆಗಿತ್ತು. ತಡವಾಗಿ ಗೊತ್ತಾಯಿತು. ಕೊನೆಯ ಮೂರು ತಿಂಗಳು ರಜೆ ಹಾಕಿ ಅವಳ ಬಟ್ಟೆ ಒಗೆದವಳು ನಾನು. ಆ ಮನೆಯಲ್ಲಿ ಬೆಳಿಗ್ಗೆ ಸಂಜೆ ಊದುಬತ್ತಿ ಹಚ್ಚುತ್ತಿದ್ದರು. ಅದರಡಿಯಲ್ಲಿ ಇನ್ನೊಂದು ವಾಸನೆ ಇರುತ್ತಿತ್ತು. ನಮ್ಮ ಮನೆಯಲ್ಲಿ ಇವತ್ತಿಗೂ ನಾನು ಊದುಬತ್ತಿ ಹಚ್ಚುವುದಿಲ್ಲ, ಬರೀ ದೀಪ.

ಎಂಟನೆಯ ದಿನ ಕವರು ಬಂತು. ವ್ಯಾನಿನವನ ಪುಸ್ತಕದಲ್ಲಿ ಸಹಿ ಮಾಡಿ ತೆಗೆದುಕೊಂಡೆ. ಕೈಯಲ್ಲಿ ಹಿಡಿದಾಗ ಹಗುರವಾಗಿತ್ತು, ಆರು ಹಾಳೆಯ ಭಾರ. ಕತ್ತರಿ ಎಲ್ಲೆಂದು ಹುಡುಕಿದೆ. ಕಣ್ಣೆದುರೇ ಇತ್ತು. ಹೊರಗೆ ಏಳು ಜನ ಕಾಯುತ್ತಿದ್ದಾರೆ, ಮಧ್ಯಾಹ್ನ ಒಡೆದರಾಯಿತು ಎಂದುಕೊಂಡು ಬೀರುವಿನ ಮೇಲಿನ ಅರೆಯಲ್ಲಿಟ್ಟೆ. ಮಧ್ಯಾಹ್ನ, ಊಟ ಮಾಡಿ ಒಡೆಯೋಣ ಎನ್ನಿಸಿತು. ಊಟ ಸೇರಲಿಲ್ಲ. ಮರುದಿನ ಶುಕ್ರವಾರ, ಶುಕ್ರವಾರ ಬೇಡ ಎಂದುಕೊಂಡೆ. ಶನಿವಾರವಂತೂ ಬೇಡವೇ ಬೇಡ. ಹೀಗೆ ವಾರವನ್ನೆಲ್ಲ ಕೆಟ್ಟ ದಿನಗಳಾಗಿ ಮಾಡಿಕೊಂಡೆ. ಬೀರು ತೆರೆದಾಗಲೆಲ್ಲ ಕಂದು ಅಂಚು ಕಾಣುತ್ತಿತ್ತು. ಆರನೆಯ ದಿನ ಅದರ ಮೇಲೆ ಬಿ.ಪಿ. ಪಟ್ಟಿಗಳ ಡಬ್ಬ ಇಟ್ಟೆ. ಅಷ್ಟರ ಮೇಲೆ ಕಾಣಲಿಲ್ಲ.

ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಎಣ್ಣೆ ಮಿಲ್ಲಿನಲ್ಲಿ ಕೆಲಸ ಮಾಡುವ ನನ್ನ ಯಜಮಾನರು, “ಏನೇ, ಸಾರಿಗೆ ಎರಡು ಸಲ ಉಪ್ಪು ಹಾಕೀಯಲ್ಲ,” ಎಂದರು. ಕಣ್ಣು ಸರಿ ಕಾಣಿಸುವುದಿಲ್ಲ ಎಂದೆ. ಸ್ನಾನ ಮಾಡುವಾಗ ಹೊಟ್ಟೆಯ ಮೇಲೆ ಕೈಯಿಟ್ಟು ನಿಂತುಬಿಡುತ್ತಿದ್ದೆ. ಕವರಿನಲ್ಲಿ ಇನ್ನೂ ಐದು ಹಾಳೆಗಳಿವೆ ಎಂಬುದು ಮರೆತಿತ್ತೇ ಎಂದು ನೀವು ಕೇಳಬಹುದು. ಮರೆತಿರಲಿಲ್ಲ. ಅದನ್ನು ಯೋಚಿಸುವ ಹತ್ತಿರಕ್ಕೆ ಹೋಗುತ್ತಿರಲಿಲ್ಲ, ಅಷ್ಟೆ.

ಜಬೀನಾ ಒಮ್ಮೆ ಕೇಳಿದಳು, “ಅಕ್ಕಾ, ಮೊಳಕಾಲ್ಮೂರಿನ ಕವರು ಬಂತಾ?” ನಾನು ಹತ್ತಿ ಉಂಡೆ ಮಾಡುತ್ತಿದ್ದೆ. “ಇನ್ನೂ ಬಂದಿಲ್ಲ ಕಣೇ,” ಎಂದೆ. ವಾರದ ನಂತರ ಮತ್ತೆ ಕೇಳಿದಳು. ಮತ್ತೆ ಅದನ್ನೇ ಹೇಳಿದೆ. ಇಪ್ಪತ್ತನಾಲ್ಕು ವರ್ಷದಲ್ಲಿ ಒಂದು ಜ್ವರದ ಲೆಕ್ಕವನ್ನೂ ಸುಳ್ಳು ಬರೆದವಳಲ್ಲ ನಾನು.

ಹತ್ತೊಂಬತ್ತನೆಯ ದಿನ, ಹನ್ನೊಂದು ಗಂಟೆಯ ಸುಮಾರಿಗೆ, ಜಬೀನಾ ಕೈಯಲ್ಲಿ ಫೋನ್ ಹಿಡಿದೇ ಒಳಗೆ ಬಂದಳು. ಬಾಗಿಲು ಹಾಕಿದಳು.

“ಅಕ್ಕಾ, ಲ್ಯಾಬಿಗೆ ಫೋನ್ ಮಾಡಿದ್ದೆ. ಕಳಿಸಿ ಮೂರು ವಾರ ಆಗ್ತಾ ಬಂತು ಅಂತಾರೆ. ನಿಮ್ಮ ಸಹಿ ಐತಂತೆ.”

ಅವಳು ನನ್ನ ಮುಖ ನೋಡಿದಳು, ಬೀರು ನೋಡಿದಳು. ಆ ಹುಡುಗಿಗೆ ಇಪ್ಪತ್ತಾರು ವರ್ಷ. ನನ್ನನ್ನು ಏನೂ ಕೇಳದೆ ಕೈ ಚಾಚಿದಳು. ಸೊಂಟದಿಂದ ಬೀಗದ ಕೈ ತೆಗೆದು ಕೊಟ್ಟೆ. ಡಬ್ಬ ಸರಿಸಿ, ಕವರು ತೆಗೆದು, ನನ್ನ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು, “ನಾನು ಒಡೀಲಾ, ನೀವು ಒಡೀತೀರಾ?” ಎಂದಳು. “ನೀನೇ,” ಎಂದೆ.

ಮೊದಲ ಹಾಳೆಯೇ ನನ್ನದು. ಉರಿಯೂತ, ಕ್ಯಾನ್ಸರ್ ಲಕ್ಷಣ ಇಲ್ಲ. ಒಂದು ಉಸಿರಿನಷ್ಟು ಹೊತ್ತು ನಾನು ಸಂತೋಷಪಟ್ಟೆ. ಅದನ್ನು ಮುಚ್ಚಿಡುವುದಿಲ್ಲ. ಎರಡನೆಯದು, ಮೂರನೆಯದು ಕೂಡ ಹಾಗೇ. ನಾಲ್ಕನೆಯದನ್ನು ಓದುತ್ತಾ ಜಬೀನಾಳ ದನಿ ನಿಂತುಹೋಯಿತು. ಅಂಜಿನಮ್ಮ, ನಲವತ್ನಾಲ್ಕು ವರ್ಷ. ಕ್ಯಾನ್ಸರ್ ಇದೆ. ಒಳಗೆ ಇಳಿಯಲು ಶುರು ಮಾಡಿದೆ. ತುರ್ತಾಗಿ ಮುಂದಿನ ಚಿಕಿತ್ಸೆಗೆ ಕಳಿಸಿ. ಕೊನೆಯ ಎರಡು ಹಾಳೆಗಳಲ್ಲಿ ಏನೂ ಇರಲಿಲ್ಲ.

ಹೆದರಿಕೆಯಲ್ಲೂ ಎರಡು ಜಾತಿಯಿದೆ ಎಂದು ಆಗ ತಿಳಿಯಿತು. ಹತ್ತೊಂಬತ್ತು ದಿನ ನಾನು ಪಟ್ಟದ್ದು ಮೊದಲನೆಯದು. ಅದರಲ್ಲಿ ಬಚ್ಚಿಟ್ಟುಕೊಳ್ಳಲು ಜಾಗವಿತ್ತು.

ಶೈಲಜಾ ಮೇಡಂ ಹಾಳೆ ಓದಿ, ನಾನು ಹೇಳಿದ್ದನ್ನು ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಬೈಯೋಕೆ ನನಗೆ ಈಗ ಟೈಮಿಲ್ಲ. ಮೊದಲು ಆಕೆಯನ್ನು ಹುಡುಕಿ,” ಎಂದರು. ಕೊಟ್ಟಿದ್ದ ಫೋನ್ ನಂಬರು ಆಕೆಯದಲ್ಲ, ಅವರಿಗೆ ನೂಲು ಕೊಡುವ ಸೀರೆ ಮಾಲೀಕರದು. ಅವರು, “ಅವ್ರಿಲ್ಲ ಕಣಮ್ಮ. ಗೌರಸಮುದ್ರದ ಮಾರಮ್ಮಗೆ ಸೀರೆ ಉಡಿಸಾಕೆ ಹೋಗ್ಯಾರೆ. ಹರಕೆ ತೀರಿಸ್ತಾರಂತೆ. ಸಂಜಿಗೆ ಬರ್ತಾರೆ,” ಎಂದರು. ಏನು ಹರಕೆ ಎಂದು ನಾನು ಕೇಳಲಿಲ್ಲ. ಕೇಳಬೇಕಾಗಿರಲಿಲ್ಲ.

ನಾನೂ ಜಬೀನಾಳೂ ಮೂರು ಗಂಟೆಯ ಬಸ್ಸು ಹತ್ತಿದೆವು. ತಳಕು ದಾಟಿದ್ದು, ಹಾನಗಲ್ ಕ್ರಾಸಿನಲ್ಲಿ ಬಸ್ಸು ತಿರುಗಿದ್ದು ಒಂದೂ ನೆನಪಿಲ್ಲ. ಕಿಟಕಿಯ ಸರಳು ಹಿಡಿದ ಅಂಗೈ ಬೆವರಿ ತುಕ್ಕಿನ ಬಣ್ಣ ಅಂಟಿಕೊಂಡದ್ದು ಮಾತ್ರ ನೆನಪಿದೆ. ಜಬೀನಾ ದಾರಿಯುದ್ದಕ್ಕೂ ಒಂದೇ ಮಾತು ಹೇಳಿದಳು. “ಯಾವತ್ತು ಬಂತು ಅಂತ ಆಕೆ ಕೇಳ್ತಾಳೆ ಅಕ್ಕಾ.”

ಆಗತಾನೇ ಮನೆಗೆ ಬಂದಿದ್ದರು. ವೆಂಕಟೇಶಪ್ಪ ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಕೂತು, ಸಂಜೆಯ ಬೆಳಕಿರುವವರೆಗೆ ಒಂದಿಷ್ಟು ನೇಯೋಣವೆಂದು ಲಾಳಿ ಕೈಗೆತ್ತಿಕೊಂಡಿದ್ದ. ಅಂಜಿನಮ್ಮ ನನ್ನನ್ನು ಬಾಗಿಲಲ್ಲಿ ಕಂಡವಳೇ, “ಏ, ಬಾಕ್ಕಾ! ನೂರು ವರ್ಷ ಆಯಸ್ಸು ನಿಂಗೆ. ದಾರೀಲೆಲ್ಲಾ ನಿನ್ನೇ ನೆನೆಸ್ಕಂಡ್ವಿ!” ಎಂದು ಕೈ ಹಿಡಿದು ಎಳೆದಳು.

“ಅಂಜಿನಮ್ಮ, ಒಂದು ಮಾತು...”

“ಮಾತು ಆಮ್ಯಾಕೆ. ಕುಂತ್ಕ ಮೊದ್ಲು.”

ಚಾಪೆ ಹಾಸಿ ನನ್ನನ್ನು ಪೂರ್ವಕ್ಕೆ ಮುಖ ಮಾಡಿ ಕೂರಿಸಿದಳು. ಅರಿಶಿನ ಕುಂಕುಮ ತಂದಳು. ಮಡಿಲು ಒಡ್ಡು ಎಂದಳು. ನನ್ನ ಸೆರಗಿಗೆ ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಮಾರಮ್ಮನಿಗೆ ನೇಯ್ದ ಸೀರೆಯಲ್ಲೇ ಉಳಿಸಿಕೊಂಡ ಒಂದು ರವಿಕೆ ಕಣ ಹಾಕಿದಳು. “ಹತ್ತು ದಿನ ಎಣಿಸ್ಕಂತ ಕುಂತಿದ್ನಕ್ಕಾ. ಮಾಲೀಕರ ಫೋನ್ ಬಡ್ಕಂಡಾಗೆಲ್ಲಾ ಎದೆ ಧಸಕ್ಕಂತಿತ್ತು. ಹನ್ನೊಂದನೇ ದಿನ ಹೇಳಿದೆ ಇವ್ರಿಗೆ, ಫೋನ್ ಬರ್ಲಿಲ್ಲ ಅಂದ್ರೆ ಏನೂ ಇಲ್ಲ ಅಂತ ಆ ನರ್ಸಕ್ಕನೇ ಹೇಳ್ಯಾಳೆ, ಅಮ್ಮಂಗೆ ಒಂದು ಸೀರೆ ನೇಯ್ರಿ ಅಂತ. ನಡುವೆ ಮತ್ತೆ ಕೆಂಪು ಹೋಗಾಕೆ ಹತ್ತಿತ್ತು. ಹಿಂದಿನ್ಕಿಂತ ಜಾಸ್ತೀನೇ. ಉಷ್ಣ ಅಂದ್ಕಂಡು ಸಬ್ಬಕ್ಕಿ ಗಂಜಿ ಕುಡದ್ನಪ್ಪ. ಮೊದ್ಲಾಗಿದ್ರೆ ಹೆದರ್ಕಂಡು ಓಡಿ ಬರ್ತಿದ್ದೆ.”

ಮಡಿಲು ತುಂಬಿಕೊಂಡು ಕೂತ ನನಗೆ ಏಳಲೂ ಆಗಲಿಲ್ಲ. ಹಾಗೇ ಕೂತು ಹೇಳಿದೆ. ರಿಪೋರ್ಟಿನಲ್ಲಿ ಏನಿದೆ, ಎಲ್ಲಿಗೆ ಹೋಗಬೇಕು, ಎಷ್ಟು ಬೇಗ ಹೋಗಬೇಕು. ಲಾಳಿಯ ಸದ್ದು ನಿಂತಿತು.

“ಏಮೈಂದೇ?” ಎಂದ ವೆಂಕಟೇಶಪ್ಪ, ಏನಾಯಿತೇ ಎಂದು, ಹೆಂಡತಿಯನ್ನು. ಆಕೆ ಅವನ ಕಡೆ ತಿರುಗಲಿಲ್ಲ.

“ಯಾವತ್ತು ಬಂತು ಇದು?”

ಇವತ್ತು ಎಂದುಬಿಡಬಹುದಿತ್ತು. ಅಲ್ಲಿದ್ದವರಲ್ಲಿ ನಿಜ ಗೊತ್ತಿದ್ದದ್ದು ಜಬೀನಾಳಿಗೆ ಮಾತ್ರ. ಅವಳು ನೆಲ ನೋಡುತ್ತಿದ್ದಳು.

“ಹತ್ತೊಂಬತ್ತು ದಿನ ಆಯ್ತು. ಅದೇ ಕವರಲ್ಲಿ ನನ್ನ ರಿಪೋರ್ಟೂ ಇತ್ತು. ಅವತ್ತು ನಿಮ್ಮ ಮುಂದೆ ಏನೂ ಇಲ್ಲ ಅಂದಿದ್ದು ಸುಳ್ಳು. ನನಗೂ ಬಿಳಿ ಬಂದಿತ್ತು. ಹೆದರಿ ಕವರು ಒಡೀಲಿಲ್ಲ.”

ಅಂಜಿನಮ್ಮ ಕುಂಕುಮದ ಬಟ್ಟಲನ್ನು ಮುಚ್ಚಿ ಬದಿಗಿಟ್ಟಳು.

“ನಿಂದೇನು ಬಂತು?”

“ಏನೂ ಇಲ್ಲ.”

“ಹೂಂ.” ಎದ್ದು ಗೋಡೆಗೆ ಒರಗಿ ನಿಂತಳು. “ನೀ ಹೆದರ್ಕಂಡು ಕುಂತೆ. ನಾ ಹೆದರ್ಕಳಾಕೂ ಬಿಡ್ಲಿಲ್ಲ ನೀನು.”

ಅಕ್ಕಿ ಚೆಲ್ಲದಂತೆ ಸೆರಗಿಗೆ ಗಂಟು ಹಾಕಿಕೊಂಡು ಎದ್ದೆ.

ಮೂರನೆಯ ದಿನ ಶೈಲಜಾ ಮೇಡಂ ತಾವೇ ಬೆಂಗಳೂರಿನ ಆಸ್ಪತ್ರೆಗೆ ಮಾತಾಡಿ ದಿನ ಗೊತ್ತು ಮಾಡಿದರು. ನಾನು ಜೊತೆಗೆ ಹೋದೆ. ಬರಬೇಡ ಎಂದು ಆಕೆ ಹೇಳಲಿಲ್ಲ, ಬಾ ಎಂದೂ ಹೇಳಲಿಲ್ಲ. ಸ್ಕ್ಯಾನ್ ಆಗಿ ಅದರ ಫಲಿತಾಂಶ ಬರುವವರೆಗಿನ ಆರು ದಿನ ನಾನು ಒಂದೇ ಲೆಕ್ಕ ಹಾಕುತ್ತಿದ್ದೆ. ಹರಡಿದ್ದರೆ ಆಪರೇಷನ್ ಇಲ್ಲ. ಹರಡಿದ್ದರೆ ಅದು ಯಾವ ದಿನ ಹರಡಿತು? ಹದಿನೇಳನೆಯ ದಿನವೋ, ಹದಿನೆಂಟನೆಯ ದಿನವೋ? ನಾನು ಬಿ.ಪಿ. ಡಬ್ಬ ಇಟ್ಟ ದಿನವೋ? ಇದನ್ನು ಮೇಡಂ ಅವರನ್ನು ಕೇಳಿಯೇಬಿಟ್ಟೆ. ಅವರು ಸಮಾಧಾನಕ್ಕೆ ಸುಳ್ಳು ಹೇಳುವವರಲ್ಲ. “ಅಷ್ಟು ದಿನದಲ್ಲಿ ಹೆಚ್ಚೇನೂ ಬದಲಾಗಿರಲಿಕ್ಕಿಲ್ಲ, ಗಿರಿಜಾ. ಆದ್ರೆ ಜಬೀನಾ ಫೋನ್ ಮಾಡದೇ ಇದ್ದಿದ್ರೆ ಹತ್ತೊಂಬತ್ತು ದಿನಕ್ಕೇ ನಿಲ್ತಿತ್ತಾ?” ಎಂದರು.

ಹರಡಿರಲಿಲ್ಲ. ಆಪರೇಷನ್ ಆಯಿತು. ಗರ್ಭಕೋಶವನ್ನೂ ಸುತ್ತಲಿನ ದುಗ್ಧಗ್ರಂಥಿಗಳನ್ನೂ ತೆಗೆದರು. ಹನ್ನೊಂದನೆಯ ದಿನ ಆಕೆ ಮೊಳಕಾಲ್ಮೂರಿಗೆ ಹಿಂತಿರುಗಿದಳು.

ನನ್ನ ರಾಜೀನಾಮೆ ಪತ್ರವನ್ನು ಮೇಡಂ ತೆಗೆದುಕೊಳ್ಳಲಿಲ್ಲ. “ನೀವು ಹೋದ್ರೆ ಆ ಸ್ಟೂಲಿನ ಮೇಲೆ ಇನ್ನೊಬ್ಬರು ಕೂರ್ತಾರೆ. ಅವರಿಗೆ ಹೆದರಿಕೆ ಇರಲ್ವಾ? ಕೂತ್ಕೊಳ್ಳಿ, ಇದು ಮತ್ತೆ ಆಗದ ಹಾಗೆ ಏನು ಮಾಡ್ಬೇಕು ಬರೀರಿ,” ಎಂದರು. ಬರೆದೆ. ಕವರನ್ನು ಬಂದ ದಿನವೇ ಇಬ್ಬರು ಕೂತು ಒಡೆಯಬೇಕು, ಬೀಗದ ಕೈ ಇಬ್ಬರ ಹತ್ತಿರ ಇರಬೇಕು. ಆಸ್ಪತ್ರೆಯವರ ಸ್ವಂತ ಪರೀಕ್ಷೆ ನಮ್ಮಲ್ಲಿ ಬೇಡ, ಬೇರೆ ಊರಿನಲ್ಲಿ ಆಗಲಿ. ಯಾವ ಬಾಟಲಿ ಹೋಯಿತು, ಅದರ ಹಾಳೆ ಯಾವತ್ತು ಬರಬೇಕು ಎಂಬ ಪಟ್ಟಿ ಹೆಸರಿಲ್ಲದೆ, ಬರೀ ನಂಬರಿನಲ್ಲಿ, ಡಾಕ್ಟರ ಮೇಜಿನ ಎದುರಿನ ಗೋಡೆಯ ಮೇಲೆ ಇರಲಿ. ತಾರೀಕು ದಾಟಿದ್ದು ಅವರ ಕಣ್ಣಿಗೂ ಬೀಳಲಿ. ಬರೆದು ಮುಗಿಸಿದಾಗ ನೋಡಿದರೆ, ನನ್ನ ಎರಡು ಹೆಮ್ಮೆಯ ನಿಯಮಗಳೂ ಅಳಿಸಿಹೋಗಿದ್ದವು.

ಮುಖ್ಯವಾದದ್ದು ಹೆಂಗಸರಿಗೆ ಹೇಳುವ ಮಾತು. ಈಗ ಫಲಿತಾಂಶ ಒಳ್ಳೆಯದಿರಲಿ ಕೆಟ್ಟದ್ದಿರಲಿ, ಇಂಥ ದಿನ ಫೋನ್ ಬರುತ್ತದೆ ಎಂದು ತಾರೀಕು ಬರೆದ ಚೀಟಿ ಕೊಡುತ್ತೇವೆ. “ಫೋನ್ ಬರಲಿಲ್ಲ ಅಂದ್ರೆ ಆರಾಮಾಗಿರಬೇಡಿ. ನಾವು ತಪ್ಪು ಮಾಡಿದೀವಿ ಅಂತ ತಿಳ್ಕೊಂಡು ಬಂದು ಜಗಳ ಆಡಿ,” ಎನ್ನುತ್ತೇನೆ. ಮೊದಲು ನಗುತ್ತಾರೆ. ಯಾಕೆ ಹೀಗೆ ಹೇಳುತ್ತೇನೆಂದು ನನ್ನ ಕವರಿನ ಕಥೆ ಹೇಳಿದ ಮೇಲೆ ಯಾರೂ ನಗುವುದಿಲ್ಲ. ಪರದೆಯ ಹಿಂದೆ ಬಂದಾಗ ತಮ್ಮ ಹೆದರಿಕೆಗಳನ್ನು ಒಂದೊಂದಾಗಿ ಹೇಳಿಕೊಳ್ಳುತ್ತಾರೆ. ಧೈರ್ಯವಂತರು ಎಲ್ಲಿದ್ದರೂ ಕೆಲಸ ಮಾಡುತ್ತಾರೆ. ಹೆದರಿ ಕೈಕಾಲು ತಣ್ಣಗಾದವರು ಕೂತಿದ್ದರೂ ಕೆಲಸ ನಿಲ್ಲಬಾರದು, ವ್ಯವಸ್ಥೆ ಎಂದರೆ ಅದು. ವೃತ್ತಿ ನನಗೆ ಕಲಿಸಿದ್ದು ಇಷ್ಟೆ. ಕಲಿತದ್ದು ಇನ್ನೊಬ್ಬರ ಮೈಮೇಲೆ.

ಅಂಜಿನಮ್ಮ ಮೂರು ತಿಂಗಳಿಗೊಮ್ಮೆ ತಪಾಸಣೆಗೆ ಬರುತ್ತಾಳೆ. ಈಗ ನನ್ನನ್ನು ಅಕ್ಕ ಎನ್ನುವುದಿಲ್ಲ. ಸಿಸ್ಟರ್ ಎನ್ನುತ್ತಾಳೆ, ನೀವು ಎನ್ನುತ್ತಾಳೆ. ಕಳೆದ ಸಲ ಪರೀಕ್ಷೆಗೆ ಸ್ಯಾಂಪಲ್ ಕೊಟ್ಟು ಹೊರಡುವಾಗ ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು ಓದಿದಳು.

“ಬುಧವಾರ ಅಂತ ಬರ್ದೀರಿ. ಎಷ್ಟೊತ್ತಿಗೆ?”

“ಹನ್ನೊಂದರೊಳಗೆ ಮಾಡ್ತೀವಿ.”

“ಮಾಡ್ಲಿಲ್ಲ ಅಂದ್ರೆ?”

“ಬನ್ನಿ. ಬಂದು ಬೈರಿ.”

ಬುಧವಾರ ಒಂಬತ್ತೂಮುಕ್ಕಾಲಿಗೆ ವ್ಯಾನು ಕವರು ಕೊಟ್ಟು ಹೋಯಿತು. ಜಬೀನಾಳನ್ನು ಕರೆಯಲು ಬಾಗಿಲಿಗೆ ಬಂದರೆ ಹೊರಗಿನ ಬೆಂಚಿನ ಮೇಲೆ ಅಂಜಿನಮ್ಮ ಕೂತಿದ್ದಳು. ಮೊದಲ ಬಸ್ಸಿಗೇ ಬಂದಿದ್ದಳು. ಫೋನಿಗೆ ಕಾದಿರಲಿಲ್ಲ. ನಾನು ಬಾಗಿಲನ್ನು ಪೂರ್ತಿ ತೆರೆದು ಹಿಡಿದೆ. ಒಳಗೆ ಬಂದು ಸ್ಟೂಲು ಎಳೆದುಕೊಂಡು ಮೇಜಿನ ಎದುರಿಗೇ ಕೂತಳು. ಜಬೀನಾ ಕವರು ಹಿಡಿದುಕೊಂಡಳು, ನಾನು ಕತ್ತರಿ ಹಾಕಿದೆ. ಎಲ್ಲ ಸರಿಯಿತ್ತು. ಆಕೆ ಅದನ್ನು ನನ್ನಿಂದ ಒಮ್ಮೆ, ಜಬೀನಾಳಿಂದ ಒಮ್ಮೆ ಓದಿಸಿಕೊಂಡಳು. ಎರಡೂ ಒಂದೇ ಇದೆ ಎಂದು ಖಾತ್ರಿಯಾದ ಮೇಲೆ ಎದ್ದು ಮುಂದಿನ ತಾರೀಕು ಕೇಳಿದಳು.